ಬಾಣ ಬಿದ್ದ ಜಾಗ

ನಮ್ಮ ಡ್ರಿಲ್ ಸರ್ ಅವರ ಎರಡೂ ಅಂಗಾಲುಗಳಿಗೆ ಅಡ್ಡಲಾಗಿ ಒಂದೊಂದು ಕಪ್ಪು ಗೆರೆ ಇತ್ತು. ಚಪ್ಪಲಿ ಕಳಚಿ ಕಟ್ಟೆಯ ಮೇಲೆ ಕಾಲು ಚಾಚಿದರೆ, ಯಾರೋ ಕಾದ ಸರಳಿನಿಂದ ಬರೆ ಹಾಕಿದಂತೆ ಕಾಣುತ್ತಿತ್ತು. ಅದು ಅಡ್ಡಬಿಲ್ಲಿನ ಕೊಡುಗೆ. ಬಂದೂಕಿನಂಥ ಕಟ್ಟಿಗೆಯ ಹಿಡಿಕೆ, ಅದರ ಮೂತಿಗೆ ಅಡ್ಡಲಾಗಿ ಬಿಗಿದ ಬಿಲ್ಲು. ಆ ಬಿಲ್ಲನ್ನು ಹಳೆಯ ಲಾರಿಯ ಕಮಾನ್ ಪಟ್ಟಿಯಿಂದ ಮುಧೋಳದಲ್ಲಿ ಮಾಡಿಸಿದ್ದರು. ಬರೀ ಕೈಬಲಕ್ಕೆ ಅದು ಬಗ್ಗುತ್ತಿರಲಿಲ್ಲ. ಸರ್ ನೆಲಕ್ಕೆ ಬೆನ್ನು ಹಚ್ಚಿ ಮಲಗಿ, ಅಂಗಾಲುಗಳನ್ನು ಬಿಲ್ಲಿಗೆ ಒತ್ತಿ, ಹೆದೆಯನ್ನು ಎದೆಯ ತನಕ ಎಳೆದು ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಆಗ ಅವರ ಗಂಟಲಿನಿಂದ ಹೊರಡುವ ಸದ್ದನ್ನು ನಾನು ಶಾಲೆಯ ಕಿಟಕಿಯ ಹೊರಗೆ ನಿಂತು ಹಾಗೆಯೇ ಅನುಕರಿಸುತ್ತಿದ್ದೆ. ಒಮ್ಮೆ ಹೆಡ್ ಮಾಸ್ತರರು ಎಮ್ಮೆ ಈಯುತ್ತಿದೆಯೆಂದು ತಿಳಿದು ಜವಾನನನ್ನು ಓಡಿಸಿದ್ದರು.

ನಾನು ಊರಿನವರೆಲ್ಲರ ದನಿ ತೆಗೆಯುವವನು. ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವನಿಗೂ ಅನುಮಾನ. ಫೋನ್ ಮಾಡಿದರೆ ಮೊದಲು "ಯಾರಪಾ ನೀ, ಖರೆ ಹೇಳು" ಅನ್ನುತ್ತಾಳೆ.

ಸರ್ ಅವರದು ಯಾವುದಕ್ಕೂ ಒಂದೇ ಮಾತು, "ಬಿದ್ದ ಜಾಗಾ ತೋರ್ಸು." ಉದ್ದಜಿಗಿತದ ಆಯ್ಕೆಯಲ್ಲಿ ನಾನು ಜನ್ಮದಲ್ಲಿ ಒಮ್ಮೆ ಚೆನ್ನಾಗಿ ಜಿಗಿದೆ. ಜಿಗಿದವನು ಉಸುಕಿನಲ್ಲಿ ಹಿಂದಕ್ಕೆ ವಾಲಿ ಕುಂಡಿ ಊರಿದೆ. ಸರ್ ಟೇಪು ಹಿಡಿದದ್ದು ಕುಂಡಿಯ ಗುರುತಿಗೆ.

"ಸರ್, ಕಾಲು ಅಲ್ಲಿ ಮಟಾ ಹೋಗಿದ್ವಲ್ರಿ."

"ಕುಂಡಿ ನಿಂದಲ್ಲೇನಲೇ? ಬಿದ್ದ ಜಾಗಾ ಇದು."

ತಾಲೂಕು ತಂಡದಲ್ಲಿ ನನ್ನ ಹೆಸರು ಬರಲಿಲ್ಲ. ಕುಂಡಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಸರ್ ಮೇಲೆ ಇಲ್ಲ.

ಅಡ್ಡಬಿಲ್ಲಿನಿಂದ ಎಲ್ಲರಿಗಿಂತ ದೂರ ಬಾಣ ಬಿಟ್ಟ ದಾಖಲೆ ತಮ್ಮದಾಗಬೇಕು ಎಂಬುದೊಂದೇ ಅವರ ಆಸೆ. ನಿವೃತ್ತಿಯಾದ ಮೇಲೆ ಡಾಕ್ಟರು, ಬೆನ್ನುಮೂಳೆ ಸವೆದಿದೆ, ಇನ್ನು ಬಿಲ್ಲು ಎಳೆಯಬೇಡಿ ಎಂದರು. ಒಂದೇ ಒಂದು ಸಲ ಎಂದು ಸರ್ ಹಟ ಹಿಡಿದರು. ಹಿಪ್ಪರಗಿ ಹತ್ತಿರ ಕಬ್ಬು ಕಡಿದ ಹೊಲಗಳಲ್ಲಿ ಏರ್ಪಾಡಾಯಿತು. ದಾಖಲೆ ಪರೀಕ್ಷಿಸುವವರೊಬ್ಬರು ಹೊರಗಿನಿಂದ ಟೇಪು ತಂದಿದ್ದರು. ಅವರ ನಿಯಮವೂ ಸರ್ ಅವರದೇ: ಬಾಣ ಸಿಗಬೇಕು, ಬಿದ್ದಲ್ಲಿಗೆ ಅಳೆಯಬೇಕು, ಸಿಗದಿದ್ದರೆ ಬಿಟ್ಟೇ ಇಲ್ಲವೆಂದು ಲೆಕ್ಕ. ಸೊಸೈಟಿಯ ಚೇರ್ಮನ್ನರು ಪೆಂಡಾಲು ಹಾಕಿಸಿ, ಮೈಕನ್ನು ನನ್ನ ಕೈಗೆ ಕೊಟ್ಟಿದ್ದರು.

ಸರ್ ಮಲಗಿದರು. ಎಮ್ಮೆ ಈಯುವ ಸದ್ದು ಬಂತು. ಮೈಕು ಕೈಯಲ್ಲಿದ್ದರೂ ಅದನ್ನು ಅನುಕರಿಸಲು ಮನಸ್ಸಾಗಲಿಲ್ಲ. ಬಾಣ ಹಾರಿತು, ಮೊದಲ ಬಾವುಟ ದಾಟಿತು, ಕೊನೆಯ ಬಾವುಟವನ್ನೂ ದಾಟಿತು. ಅದರಾಚೆ ಇನ್ನೂ ಕಡಿಯದ ಕಬ್ಬು ಆಳೆತ್ತರ ನಿಂತಿತ್ತು. ಬಾಣ ಹೋಗಿ ಅದರೊಳಗೆ ಮುಳುಗಿತು. ಸ್ವಲ್ಪ ಕಡಿಮೆ ಹೋಗಿದ್ದರೆ ಸಿಗುತ್ತಿತ್ತು. ಬಿದಿರಿನ ಬಾಣವನ್ನು ಕಬ್ಬಿನಲ್ಲಿ ಹುಡುಕಿ ನಮ್ಮ ಕೈ, ಮುಖವೆಲ್ಲ ಗರಿ ಕೊಯ್ದು ಗೀರಾದವು.

ಚೇರ್ಮನ್ನರಿಗೆ ಬೀಳಗಿಯಲ್ಲಿ ಇನ್ನೊಂದು ಹಾರ ಕಾಯುತ್ತಿತ್ತು. ಅವರೇ ಸರ್ ಅವರ ಚೀಲದಿಂದ ಬೇರೊಂದು ಬಾಣ ಎತ್ತಿಕೊಂಡು, "ಇದನ್ನ ಕಬ್ಬಿನ ದಂಡಿಗೆ ನೆಡ್ರಿ. ಫೋಟೋ ತಗ್ಯೋಣು, ಆತು" ಅಂದರು.

ಸರ್ ಎದ್ದು ಕೂರಲಾಗದೆ ಮಲಗಿದಲ್ಲಿಂದಲೇ ಕೈ ಚಾಚಿದರು. "ಕೊಡ್ರಿ ಇಲ್ಲಿ. ಅದು ಇನ್ನೂ ಹಾರಿಲ್ಲ."

ಟೇಪಿನವರು ಟೇಪು ಸುತ್ತಿಕೊಂಡು ಹೋದರು. ಊರು ಸರ್ ಅವರನ್ನು ಹುಚ್ಚನ ಲೆಕ್ಕಕ್ಕೆ ಸೇರಿಸಿತು. ಆ ಕಬ್ಬಿನ ಕಟಾವು ಯಾವಾಗ ಎಂದು ಅವರು ಹೊಲದವನನ್ನು ದಿನಾ ಕೇಳುತ್ತಿದ್ದರು. ಬಾಣ ಸಿಕ್ಕರೆ ಆ ಜಾಗಕ್ಕೆ ಗೂಟ ಹೊಡೆದು ಟೇಪಿನವರನ್ನು ಮತ್ತೆ ಕರೆಸುವ ಯೋಚನೆ. ಹೊಲದವನಿಗೆ ಕಬ್ಬು ಕಡಿಯುವ ಗ್ಯಾಂಗು ಬೇಗ ಕಡಿದು ಹೋದರೆ ಸಾಕಿತ್ತು. ಹೇಳದೆ ಕೇಳದೆ ಕಬ್ಬಿಗೆ ಬೆಂಕಿ ಹಚ್ಚಿ ಕಡಿಸಿದ.

ಹಾಳಾದ ಲೌಡ್‌ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ, ಬೂದಿಯಲ್ಲಿ ಎಳೆಯುತ್ತ ಸರ್ ಸಾಲುಸಾಲಾಗಿ ನಡೆದರು. ಬಾಣದ ಮೊನೆ ಉಕ್ಕಿನದು, ಅದಾದರೂ ಉಳಿದಿರಬೇಕಲ್ಲ ಎಂದು. ಎತ್ತಿನ ಲಾಳದ ಮೊಳೆ, ಟ್ರ್ಯಾಕ್ಟರಿನ ಬೋಲ್ಟು, ಮುರಿದ ಕುಡುಗೋಲು ಸಿಕ್ಕವು. ಜೊತೆಗೆ ನಡೆಯುತ್ತಿದ್ದ ನಾನು ನಗಿಸಲೆಂದು ಅವರದೇ ದನಿ ತೆಗೆದು, "ಬಿದ್ದ ಜಾಗಾ ತೋರ್ಸ್ರಿ" ಅಂದೆ.

ಸರ್ ನಗಲಿಲ್ಲ. "ಕಬ್ಬಿನ ಜೋಡಿ ಸಕ್ಕರಿ ಫ್ಯಾಕ್ಟರಿಗೆ ಹೋಗಿರಬೇಕಲೇ. ನನ್ನ ಬಾಣ ಈಗ ಯಾರದೋ ಚಾದಾಗ ಕರಗಾಕತ್ತೇತಿ."

ಅಂದಿನಿಂದ ಅವರು ಸಕ್ಕರೆ ಹಾಕದ ಚಹಾ ಕುಡಿದರು. ಊರವರು ಶುಗರ್ ಬಂದಿದೆ ಅಂದುಕೊಂಡರು.

ಮುಂದಿನ ಕಟಾವಿಗೆ ಸರ್ ಇರಲಿಲ್ಲ. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆದ ದಿನ ಗೇಟಿನ ಮೇಲೆ ದೊಡ್ಡ ಬೋರ್ಡು ಎದ್ದಿತ್ತು: ಅಡ್ಡಬಿಲ್ಲಿನ ವಿಶ್ವದಾಖಲೆ ವೀರ. ಸರ್ ಫೋಟೋಕ್ಕಿಂತ ಚೇರ್ಮನ್ನರ ಫೋಟೋ ದೊಡ್ಡದು. ಕೆಳಗೆ ದೂರವನ್ನೂ ಮೀಟರಿನಲ್ಲಿ ಬರೆಸಿದ್ದರು. ಯಾರೂ ಅಳೆಯದ ಆ ಅಂಕಿ ಚೇರ್ಮನ್ನರ ಕಾರಿನ ನಂಬರೇ ಆಗಿತ್ತು. ಬದುಕಿದ್ದಾಗ ಬೇಡವೆಂದದ್ದನ್ನು, ಬೇಡವೆನ್ನಲು ಬಾಯಿಲ್ಲದ ದಿನ ಅವರ ಕೊರಳಿಗೆ ಕಟ್ಟಿದ್ದರು.

ಎಲ್ಲರಿಗೂ ಸಕ್ಕರೆ ಹೆಚ್ಚಾದ ಚಹಾ ಬಂತು. ಚೇರ್ಮನ್ನರು ನನ್ನನ್ನು ಮೈಕಿಗೆ ಕರೆದು, "ಸರ್ ದನಿ ಒಂದೀಟು ತಗಿಯಪಾ, ಮಂದಿ ಭಾಳ ಅತ್ತಾರ" ಅಂದರು.

ತೆಗೆದೆ. "ಬಾಣ ಬಿದ್ದ ಜಾಗಾ ತೋರ್ಸ್ರಿ. ಇಲ್ಲಾಂದ್ರ ಬೋರ್ಡ್ ಇಳಸ್ರಿ."

ಸಭೆ ಹೊಟ್ಟೆ ಹಿಡಿದು ನಕ್ಕಿತು. ಚೇರ್ಮನ್ನರು ಕಣ್ಣೊರೆಸಿಕೊಳ್ಳುತ್ತ, "ಅಗದೀ ಅವರ ದನೀನ. ಇನ್ನೊಮ್ಮೆ" ಅಂದರು. ಇನ್ನೊಮ್ಮೆ ಹೇಳಿದೆ. ಇನ್ನೂ ಜೋರಾಗಿ ನಕ್ಕರು.

ಮೂರನೆಯ ಸಲ ಅದೇ ಮಾತನ್ನು ನನ್ನ ದನಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ, ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ.

"ಇದು ಯಾರ ದನಿ ಅಂತ ಗುರ್ತ ಸಿಗಲಿಲ್ಲ ನೋಡು," ಚೇರ್ಮನ್ನರು ಅಂದರು. "ಮೊದಲ ತಗದಿದ್ದ ದನೀನ ಛಲೋ ಇತ್ತು."