ವಾಲಗದವರ ತುಟಿಯ ನರಹುಲಿ

ಮಹಾಯುದ್ಧ ನಡೆಯುತ್ತಿದ್ದ ಕಾಲ, ನಲವತ್ತೆರಡೋ ನಲವತ್ತಮೂರೋ ಇರಬೇಕು. ಬೇಲೂರಿನ ಒಂದು ಡಿಸ್ಪೆನ್ಸರಿಯಲ್ಲಿ ನಾನು ಆಯಾ ಆಗಿದ್ದೆ. ನೆಲ ಒರೆಸುವುದು, ಕತ್ತರಿ ಚಿಮಟ ಕುದಿಸಿಡುವುದು, ಡಾಕ್ಟರು ಗಾಯ ಹೊಲಿಯುವಾಗ ದೀಪ ಹಿಡಿಯುವುದು ನನ್ನ ಕೆಲಸ. ಓದಿದ್ದು ಎರಡನೇ ಕ್ಲಾಸು. ಇಂಥವಳು ಈಗ ಬರೆಯಲು ಕೂತಿದ್ದೇಕೆ ಎಂದರೆ, ನನ್ನ ಮೊಮ್ಮಗಳು ಸಾವಿತ್ರಿಗೆ ಅರಸೀಕೆರೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ! ಆರ್ಡರ್ ಬಂದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ಬೀದಿಯಲ್ಲಿ ಸೊಪ್ಪು ಮಾರುವವಳನ್ನೂ ಕರೆದು ಬಾಯಿಗೆ ಸಕ್ಕರೆ ಹಾಕಿದ್ದೇನೆ. ಹೊರಡುವಾಗ ಸಾವಿತ್ರಿ, "ಅಜ್ಜೀ, ಆಸ್ಪತ್ರೇಲಿ ನೀನು ಕಲಿತದ್ದರಲ್ಲಿ ಒಂದೇ ಒಂದು ಹೇಳು" ಎಂದಳು. ಬಾಯಲ್ಲಿ ಹೇಳಲು ಹೋದರೆ ಸಂತೋಷಕ್ಕೆ ಅತ್ತುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷ ಯುಗಾದಿಗೆ ಮೂರು ವಾರ ಇದೆ ಎನ್ನುವಾಗ ತಿರುಮಲಯ್ಯ ಎಂಬವರು ಹೆಂಡತಿ ಚೆನ್ನಮ್ಮನ ಜೊತೆ ಬಂದರು. ಊರ ದೇವಸ್ಥಾನದಲ್ಲಿ ವಾಲಗ ಊದುವವರು. ಕೆಳತುಟಿಯ ನಡುಮಧ್ಯದಲ್ಲಿ ಕಡಲೆಕಾಳಿನಷ್ಟು ನರಹುಲಿ. ವಾಲಗದ ತುದಿಗೆ ಸಿಕ್ಕಿಸುವ ಗರಿಯ ಪೀಪಿ ಸರಿಯಾಗಿ ಅಲ್ಲೇ ಕೂರಬೇಕು. ನರಹುಲಿ ಬೆಳೆದ ಹಾಗೆ ಪೀಪಿ ಓರೆಯಾಗಿ, ಪಕ್ಕದಿಂದ ಗಾಳಿ ಸೋರಿ, ಸ್ವರ ಒಡೆಯುತ್ತಿತ್ತು. ಯಾರೋ ಜಟಕಾದವನ ಮಾತು ಕೇಳಿ, ಕುದುರೆ ಬಾಲದ ಕೂದಲು ಬಿಗಿದು ಕಟ್ಟಿಸಿಕೊಂಡಿದ್ದರು. ಅದು ಉದುರುವ ಬದಲು ಊದಿಕೊಂಡಿತ್ತು.

"ಕುದುರೆ ಕೂದಲು ಕಟ್ಟೋಕೆ ನಿನ್ನ ತುಟಿ ಏನು ಪಿಟೀಲಿನ ಕಮಾನೇನಯ್ಯಾ?" ಎಂದು ಡಾಕ್ಟರು ಗದರಿದರು.

ತಿರುಮಲಯ್ಯ ನಗಲಿಲ್ಲ. "ಸ್ವಾಮಿ, ಕುಯ್ಯಾಕೆ ಏನು ಬೀಳ್ತೈತೆ?"

"ಏನೂ ಇಲ್ಲ. ಇದು ಧರ್ಮಾಸ್ಪತ್ರೆ."

"ದುಡ್ಡಿನ ಮಾತಲ್ಲ ಸ್ವಾಮಿ. ಎಷ್ಟು ದಿನ ಊದಂಗಿಲ್ಲ?"

"ಹದಿನೈದು ದಿನ" ಎಂದರು ಡಾಕ್ಟರು.

ತಿರುಮಲಯ್ಯ ಎದ್ದೇ ಬಿಟ್ಟರು. ಚೆನ್ನಮ್ಮ ಪಂಚೆಯ ಅಂಚು ಹಿಡಿದು ಕೂರಿಸಿದರು. "ಕೂತ್ಕೊಳ್ರೀ. ಈಗೇನ್ ಭಾರಿ ಊದ್ತಾ ಇದ್ದೀರಾ? ನಮ್ಮನೆ ಹಸ ಕೂಗಿದ್ರೂ ಇದಕ್ಕಿಂತ ಸುತೀಲಿರ್ತೈತೆ."

ಅವರ ಭಯ ಏನೆಂದು ಚೆನ್ನಮ್ಮನೇ ಹೇಳಿದರು. ಸ್ವರ ಒಡೆಯುತ್ತಿದೆ ಎಂದು ಊರಿನ ಹಿರಿಯರು ಗೊಣಗುತ್ತಿದ್ದರು. ದಾಯಾದಿ ಗೋವಿಂದ ತಾನೂ ಊದುತ್ತೇನೆ ಎಂದು ನಿಂತಿದ್ದ. ಯುಗಾದಿ ಪೂಜೆಗೆ ತಿರುಮಲಯ್ಯ ಸರಿಯಾಗಿ ಊದದಿದ್ದರೆ ಸೇವೆಯೂ, ಸೇವೆಗೆಂದು ಬಿಟ್ಟಿದ್ದ ಹೊಲವೂ ಗೋವಿಂದನಿಗೆ ಎಂದು ತೀರ್ಮಾನವಾಗಿತ್ತು. ನರಹುಲಿ ಇಟ್ಟುಕೊಂಡರೆ ಸ್ವರ ಹೋಗುತ್ತದೆ, ಕುಯ್ಯಿಸಿದರೆ ಅಭ್ಯಾಸದ ದಿನ ಹೋಗುತ್ತದೆ. ಇದಕ್ಕೆ ಯಾವ ಡಾಕ್ಟರು ಏನು ರೇಟು ಹೇಳಿಯಾರು?

ಕೊನೆಗೆ ಒಪ್ಪಿದರು. ತುಟಿ ಮರಗಟ್ಟಲು ಇಂಜೆಕ್ಷನ್ ಕೊಟ್ಟು, ಡಾಕ್ಟರು ನರಹುಲಿ ಕುಯ್ದು ಹೊಲಿಗೆ ಹಾಕಿದರು. ಒಂದು ಹೊತ್ತಿನ ಅಡಿಗೆಯಷ್ಟೂ ಸಮಯ ಹಿಡಿಯಲಿಲ್ಲ. "ತುಟಿಗೆ ಏನೂ ತಾಕಿಸಬೇಡ" ಎಂದು ಎರಡೆರಡು ಸಲ ಹೇಳಿ, ಡಿಸ್ಪೆನ್ಸರಿಯ ಜಗಲಿಯಲ್ಲೇ ಮಲಗಿಸಿದರು. ಚೆನ್ನಮ್ಮ ವಾಲಗವನ್ನು ಮನೆಯ ಅಟ್ಟದ ಮೇಲೆ ಹಾಕಿ ಬಂದಿದ್ದರು. ಗಂಡನ ಸೊಂಟದ ಗಂಟಿನಲ್ಲಿ ಒಂದು ಪೀಪಿ ಉಳಿದಿದ್ದು ಅವರಿಗೂ ಗೊತ್ತಿರಲಿಲ್ಲ.

ಮೂರನೇ ದಿನ ಡಾಕ್ಟರು ಪ್ಲೇಗಿನ ಸೂಜಿ ಹಾಕಲು ಹಳೇಬೀಡಿಗೆ ಹೋಗಿದ್ದರು. ಮಧ್ಯಾಹ್ನದ ಮಂಗಳಾರತಿಗೆ ದೇವಸ್ಥಾನದ ಕಡೆಯಿಂದ ಗೋವಿಂದನ ವಾಲಗ ಕೇಳಿಸಿತು. ನಡುವೆ ಒಂದು ಕಡೆ ಜಾರಿದ. ಮತ್ತೆ ಅಲ್ಲೇ ಜಾರಿದ. ಜಗಲಿಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ತಿರುಮಲಯ್ಯ ಎದ್ದು ಕೂತು, "ಹಂಗಲ್ಲ ಕಣ್ಲಾ" ಎಂದವರೇ ಸೊಂಟದಿಂದ ಪೀಪಿ ತೆಗೆದು, ನೆನೆಸಲು ಬಾಯಿಗಿಟ್ಟು, ಊದಿಯೇ ಬಿಟ್ಟರು. ಹುಟ್ಟಿದಾಗಿನ ಅಭ್ಯಾಸ, ತಡೆಯುವವರು ಯಾರು?

ಹೊಲಿಗೆ ಕಿತ್ತು ಬಂತು. ರಕ್ತ ಚಿಮ್ಮಿ ನನ್ನ ಸೀರೆಗೆ ಬಿತ್ತು.

ಗಾಜ್ ಬಟ್ಟೆ ಮಡಿಸಿ, ಹೆಬ್ಬೆರಳು ಒಳಗೆ, ಎರಡು ಬೆರಳು ಹೊರಗೆ ಇಟ್ಟು ತುಟಿಯನ್ನು ಒತ್ತಿ ಹಿಡಿದೆ. ಕಾಂಪೌಂಡರ್ ಶಾಮಣ್ಣ ಓಡಿ ಬಂದು ನೋಡಿದವರು, "ಬಿಡಬೇಡ ಪುಟ್ಟಮ್ಮ, ನಾನು ಡಾಕ್ಟರನ್ನ ಕರ್ಕೊಂಡು ಬರ್ತೀನಿ" ಎಂದು ಸೈಕಲ್ ಹತ್ತಿ ಹಳೇಬೀಡಿನ ದಾರಿ ಹಿಡಿದರು. ನಿಂತಿತೇನೋ ಎಂದು ಸ್ವಲ್ಪ ಸಡಿಲಿಸಿದರೆ ಮತ್ತೆ ಚಿಮ್ಮುತ್ತಿತ್ತು. ತಿರುಮಲಯ್ಯನ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ನನ್ನ ಬೆರಳು ಜೋಮು ಹಿಡಿದು ಯಾರದೋ ಬೆರಳಿನ ಹಾಗಾಯಿತು.

"ನಾನು ಹಿಡ್ಕಳ್ಳಾ ಅಕ್ಕಾ?" ಎಂದರು ಚೆನ್ನಮ್ಮ. ಜನರ ಎದುರು ಗಂಡನ ಪಕ್ಕದಲ್ಲೂ ಕೂರದ ಹೆಂಗಸು. ನನ್ನ ಒಂದೊಂದು ಬೆರಳು ಜರುಗಿದ ಹಾಗೆ ತಮ್ಮ ಒಂದೊಂದು ಬೆರಳು ಒಳಸೇರಿಸಿದರು. ಹಿಡಿದುಕೊಂಡ ಮೇಲೆ ಬಾಯಿ ಸುಮ್ಮನಿರಲಿಲ್ಲ. "ಗೋವಿಂದನ್ನ ತಿದ್ದಾಕ್ ಹೋದ್ರಲ್ಲ, ಅವನೇನು ನಿಮ್ಮ ಶಿಷ್ಯನಾ? ದಕ್ಷಿಣೆ ಕೊಟ್ಟವ್ನಾ?"

ತಿರುಮಲಯ್ಯನ ಭುಜ ಕುಲುಕಿತು. ಬೆರಳ ಸಂದಿಯಿಂದ ರಕ್ತ ಇಳಿಯಿತು.

"ನಗಿಸ್ಬೇಡಿ ಕಣಮ್ಮಾ!" ಎಂದು ನಾನು ಕೂಗಿದೆ. ಆಮೇಲೆ ಚೆನ್ನಮ್ಮನ ಕಣ್ಣೀರು ಗಲ್ಲದ ಮೇಲೆ ಇಳಿಯತೊಡಗಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ನಾನೇ ಒರೆಸಿದೆ.

ಬಿಸಿಲು ಜಗಲಿ ಬಿಟ್ಟು ಅಂಗಳಕ್ಕೆ ಇಳಿದಾಗ ಪೆಟ್ರೋಲಿಲ್ಲದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಹೊಗೆ ಕಾರುತ್ತಾ ಬಂತು. ಅದರಿಂದ ಇಳಿದ ಡಾಕ್ಟರು ಕೋಟನ್ನೂ ಬಿಚ್ಚದೆ ಕೈ ತೊಳೆದು ಕೂತರು. ಸೂಜಿಗೆ ದಾರ ಪೋಣಿಸಿದವರು ಅದನ್ನು ಮತ್ತೆ ತಟ್ಟೆಯಲ್ಲಿಟ್ಟರು. ಏಕೆ ಹೊಲಿಯುತ್ತಿಲ್ಲ?

"ತಿರುಮಲಯ್ಯ, ಪೀಪಿ ಹಿಡಿಯೋವಾಗ ತುಟಿ ಹೇಗೆ ಮಾಡ್ತೀಯ? ಮಾಡಿ ತೋರಿಸು, ಊದಬೇಡ."

ನಾನು ಎರಡೂ ಬದಿ ಒತ್ತಿ ಹಿಡಿದೆ. ಅವರು ತುಟಿಯನ್ನು ಒಳಕ್ಕೆ ಮಡಿಸಿದರು. ಆ ಮಡಿಕೆ ಎಲ್ಲಿ ಬೀಳುತ್ತದೆ ಎಂದು ಡಾಕ್ಟರು ಬಗ್ಗಿ ನೋಡಿ, ಅದರ ಗೆರೆ ಹಿಡಿದೇ ಹೊಲಿದರು. ಅಂಗಳಕ್ಕೆ ಇಳಿದ ಮೇಲೆ ನನಗೆ ಮಾತ್ರ ಕೇಳುವ ಹಾಗೆ, "ಎರಡು ಸಲ ಹೊಲಿದ ಜಾಗ ಗಂಟು ಕಟ್ಟಿದರೆ ಪೀಪಿ ಕೂರೋದಿಲ್ಲ ಪುಟ್ಟಮ್ಮ. ಮೊದಲನೇ ದಿನವೇ ಇದನ್ನ ಕೇಳಬೇಕಾಗಿತ್ತು" ಎಂದರು.

ಆಮೇಲಿನ ದಿನಗಳಲ್ಲಿ ತಿರುಮಲಯ್ಯ ಗಂಜಿಯನ್ನು ಚಮಚದಲ್ಲಿ ಗಂಟಲಿಗೇ ಇಳಿಸಿಕೊಂಡರು. ಮಂಗಳಾರತಿಯ ಹೊತ್ತಿಗೆ ಚೆನ್ನಮ್ಮ ಅವರ ಎರಡೂ ಕಿವಿಗೆ ಹತ್ತಿ ತುರುಕುತ್ತಿದ್ದರು. ಹೊಲಿಗೆ ಬಿಚ್ಚಿದಾಗ ಗೆರೆ ಸಣ್ಣಗಿತ್ತು, ಆದರೆ ಮುಟ್ಟಿದರೆ ಒರಟು. ಅದಕ್ಕೆ ಬೆಣ್ಣೆ ಸವರಿ ತೀಡುತ್ತಾ ಮನೆಗೆ ಹೋದರು. ಊದುತ್ತಾರೋ ಇಲ್ಲವೋ ಡಾಕ್ಟರಿಗೂ ಗೊತ್ತಿರಲಿಲ್ಲ.

ಯುಗಾದಿ ದಿನ ರಜ. ಆದರೂ ಡಾಕ್ಟರು ಬಂದು ಡಿಸ್ಪೆನ್ಸರಿಯ ಅಂಗಳದಲ್ಲಿ ಔಷಧಿ ಬಾಟಲಿ ಬಿಸಿಲಿಗಿಡುವ ನೆಪದಲ್ಲಿ ನಿಂತಿದ್ದರು. ನಾನೂ ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ದೇವಸ್ಥಾನದ ಗಂಟೆ ಹೊಡೆಯಿತು. ಡೋಲು ಶುರುವಾಯಿತು. ವಾಲಗ ಬರಲಿಲ್ಲ. ಗಾಳಿ ಸೋರಿದ ಒಡಕು ಸದ್ದೊಂದು ಬಂದು ನಿಂತುಹೋಯಿತು. ಡಾಕ್ಟರು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟರು.

ಆಮೇಲೆ ಒಂದು ಸ್ವರ ಎದ್ದಿತು. ಎದ್ದು ನಿಂತಿತು. ನಿಂತೇ ಇತ್ತು.

"ಯಾರದು, ಗೋವಿಂದನಾ?"

"ತಡೀರಿ ಸ್ವಾಮಿ." ಗೋವಿಂದ ಜಾರುತ್ತಿದ್ದ ಜಾಗ ಬಂತು. ಸ್ವರ ಒಡೆಯದೆ ಅದನ್ನು ದಾಟಿ ಮೇಲೆ ಹೋಯಿತು. "ಇವರು ನಮ್ಮೋರೇ!" ಎಂದು ನಾನು ಪೊರಕೆ ಎಸೆದುಬಿಟ್ಟೆ.

ಡಾಕ್ಟರು ಮುಖ ಆ ಕಡೆ ತಿರುಗಿಸಿ, "ಬಾಗಿಲು ಹಾಕು ಪುಟ್ಟಮ್ಮ, ಇವತ್ತು ರಜ" ಎಂದರು. ಅವತ್ತಿನಿಂದ ಬೆರಳಿನ ಗಂಟಾಗಲಿ ಕತ್ತಿನ ನರಹುಲಿಯಾಗಲಿ ತೋರಿಸಲು ಬಂದವರಿಗೆ ಅವರು ಮೊದಲು ಕೇಳುತ್ತಿದ್ದುದು ಒಂದೇ: "ನಿನ್ನ ಕಸುಬೇನು?" ಹೂ ಕಟ್ಟುವವಳಾದರೆ ಬೆರಳಲ್ಲಿ ದಾರ ಹಿಡಿದು ತೋರಿಸಬೇಕಾಗಿತ್ತು, ಹೊರೆ ಹೊರುವವನಾದರೆ ಕತ್ತು ಬಗ್ಗಿಸಬೇಕಾಗಿತ್ತು.

ಸಾವಿತ್ರಿ, ನನ್ನ ಬಂಗಾರಾ, ಆ ಬಿಳಿ ಬಟ್ಟೆ ಹಾಕಿಕೊಂಡು ನೀನು ನಿಂತಿರುವುದನ್ನು ನೆನೆದರೆ ಈ ಮುದುಕಿಗೆ ರೆಕ್ಕೆ ಬರುತ್ತದೆ. ಯಾರಾದರೂ ಬಂದು, ಇದನ್ನು ತೆಗೆಯಲು ಎಷ್ಟಾಗುತ್ತದೆ ಎಂದು ಕೇಳಿದರೆ ಕೌಂಟರಿನ ಕಡೆ ಕೈ ತೋರಿಸಿ ಸುಮ್ಮನಾಗಬೇಡ. ಕೂರಿಸಿ ಅವರ ಕೆಲಸ ಯಾವುದು ಎಂದು ಕೇಳು. ಅವರಿಗೆ ಎಷ್ಟಾಗುತ್ತದೆ ಎನ್ನುವುದು ಆ ಕೆಲಸದಲ್ಲಿದೆ ಮಗಳೇ.