ಸವದತ್ತಿ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕ ಅಕ್ಕ

ಮಗಳಿಗೆ ಐದು ತುಂಬಿದ ವರ್ಷ ನಾನು ನೆಮ್ಮದಿಯಿಂದ ಕೂತು ಉಂಡ ನೆನಪಿಲ್ಲ. ಕೈಯಲ್ಲಿ ರೊಟ್ಟಿ, ಕಣ್ಣು ಬಾಗಿಲ ಕಡೆ. ಅವಳಿಗೆ ಮಾತು ಬಂದಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಬಾಗಿಲು ತುಸು ತೆರೆದಿದ್ದರೂ ಸಾಕು, ಬೈಲಹೊಂಗಲದ ಪೇಟೆಯತ್ತ ಓಡಿಬಿಡುತ್ತಿದ್ದಳು. ಧಾರವಾಡದ ಡಾಕ್ಟರು ಆಟಿಸಂ ಎಂದಿದ್ದರು. ತೊಂಬತ್ತರ ದಶಕದ ಕೊನೆ ಅದು. ನಮ್ಮ ಓಣಿಯಲ್ಲಿ ಆ ಶಬ್ದವನ್ನು ಕೇಳಿದವರೇ ಇರಲಿಲ್ಲ. ಗಂಡನಿಗೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬಿನ ಹಂಗಾಮು ಶುರುವಾದರೆ ಮನೆಗೆ ಬರುವುದೇ ಅಪರೂಪ. ಉಳಿದವರು ನಾನು, ಮಗಳು, ಅತ್ತೆ. ಅತ್ತೆ ಮೊಮ್ಮಗಳ ಹತ್ತಿರ ಸುಳಿಯುತ್ತಿರಲಿಲ್ಲ. ಅವರಿಗೆ ಅವಳು ಬೇಡವಾಗಿದ್ದಾಳೆ ಎಂದೇ ನಾನು ತಿಳಿದಿದ್ದೆ.

ಆ ಚಳಿಗಾಲ ರಾಮದುರ್ಗದಲ್ಲಿ ಬಸುರಿ ನಾದಿನಿಯ ಕುಬಸ, ಸೀಮಂತದ ಕಾರ್ಯ. ಹೋಗಲೇಬೇಕಾಯಿತು. ಬಾಜಾ ಶುರುವಾದದ್ದೇ ಮಗಳು ಕಿವಿ ಮುಚ್ಚಿಕೊಂಡು ಚೀರಿದಳು. ಆರತಿ ತಟ್ಟೆ ಉರುಳಿ ಬಿತ್ತು. ಬೀಗರ ಕಡೆಯ ಹಿರಿಯರೊಬ್ಬರು ಸಿಟ್ಟೇನೂ ಇಲ್ಲದೆ, "ಇಂಥಾ ಕೂಸಿನ್ನ ಮನ್ಯಾಗ ಬಿಟ್ಟ ಬರಬೇಕಿತ್ತವಾ" ಎಂದರು. ಯಾರ ಹತ್ತಿರ ಬಿಡಲಿ? ಅತ್ತೆಯನ್ನು ಅಲ್ಲಿಯೇ ಬಿಟ್ಟು, ಉಣ್ಣದೆ ಬಸ್ಸು ಹತ್ತಿದೆ.

ಸವದತ್ತಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಹಾರ್ನಿನ ಗದ್ದಲಕ್ಕೆ ಮಗಳು ನೆಲಕ್ಕೆ ಬಿದ್ದು ತಲೆ ಬಡಿದುಕೊಳ್ಳತೊಡಗಿದಳು. ಜನ ಸುತ್ತುಗಟ್ಟಿದರು. ಕೈಗೆ ಕಬ್ಬಿಣ ಕೊಡಿ ಎಂದು ಒಬ್ಬರು, ಎರಡು ಬಾರಿಸಿ ಎಂದು ಇನ್ನೊಬ್ಬರು. ನಾನು ಅವಳನ್ನು ಎತ್ತಲು ಹೋದಷ್ಟೂ ಚೀರಾಟ ಹೆಚ್ಚಿತು. ಆಗ ನನಗಿಂತ ಹಿರಿಯಳಾದ ಹೆಂಗಸೊಬ್ಬಳು ಜನರನ್ನು ಸರಿಸಿಕೊಂಡು ಬಂದಳು.

"ದೂರ ಸರೀರಿ. ನೋಡೂದೇನೈತಿ ಇಲ್ಲೆ?"

ತನ್ನ ಕೈಚೀಲವನ್ನು ಮಗಳ ತಲೆಯ ಕೆಳಗೆ ಇಟ್ಟು, ಮುಟ್ಟದೆ, ಪಕ್ಕದಲ್ಲಿ ಸುಮ್ಮನೆ ಕುಳಿತಳು. "ಎತ್ತಬ್ಯಾಡ, ತಂಗಿ. ಸ್ವಲ್ಪ ಹೊತ್ತಿಗೆ ಇಳೀತೈತಿ. ನನ್ನ ಮಗಾನೂ ಹಿಂಗ."

ನಿಜಕ್ಕೂ ಇಳಿಯಿತು. ಮಗಳು ಆ ಚೀಲದ ಹಿಡಿಕೆ ಹಿಡಿದುಕೊಂಡು ಮಲಗಿದಳು. ಆಕೆ ನನ್ನ ಮುಖ ನೋಡಿ, "ನೀ ಉಂಡೀಯೇನ?" ಎಂದಳು. ನನಗೆ ತಡೆಯಲಾರದಷ್ಟು ಅಳು ಬಂತು. ಡಾಕ್ಟರಿಂದ ಹಿಡಿದು ಓಣಿಯವರತನಕ ಎಲ್ಲರೂ ಕೇಳಿದ್ದು ಮಗಳ ವಿಷಯ ಮಾತ್ರ.

ಅವಳನ್ನು ನಾನು ಅಕ್ಕ ಎಂದೇ ಕರೆದೆ. ಎಸ್‌ಟಿಡಿ ಬೂತಿನಿಂದ ಸವದತ್ತಿಯಲ್ಲಿ ಅವಳ ಪಕ್ಕದ ಮನೆಗೆ ಫೋನು ಮಾಡುತ್ತಿದ್ದೆ; ಆ ಮನೆಯವರು ಅವಳನ್ನು ಕರೆಸಿ ಮಾತಾಡಿಸುತ್ತಿದ್ದರು. ಒಂದು ಭಾನುವಾರ ಅಕ್ಕ ತನ್ನ ಮಗನನ್ನು ಗಂಡನ ಹತ್ತಿರ ಬಿಟ್ಟು ನಮ್ಮ ಮನೆಗೇ ಬಂದಳು.

"ಕೂಸು ನನ್ನ ಕಡೆ ಇರ್ಲಿ. ನೀ ಎಲ್ಲೆರೆ ಅಡ್ಡಾಡಿ ಬಾ."

ಹೊರಟೆ, ಆದರೆ ಎಲ್ಲಿಗೆಂದು ತಿಳಿಯಲಿಲ್ಲ. ಪೇಟೆಯಲ್ಲಿ ಬಳೆಗಾರನ ಮುಂದೆ ಕೈಚಾಚಿ ಕೂತೆ. ಎಲ್ಲೋ ಯಾರದೋ ಮಗು ಅತ್ತಿತು. ಅರ್ಧಕ್ಕೇ ಕೈ ಎಳೆದುಕೊಂಡು, ಹೆಚ್ಚೂಕಡಿಮೆ ಓಡುತ್ತ ಮನೆಗೆ ಬಂದೆ. ಹಿತ್ತಲಲ್ಲಿ ಅತ್ತೆಯ ದನಿ ಕೇಳಿಸಿ ಪಡಸಾಲೆಯಲ್ಲೇ ನಿಂತೆ.

"ನನ್ನ ಮೊಣಕಾಲ ನೆಟ್ಟಗಿಲ್ಲವಾ," ಎಂದು ಅವರು ಅಕ್ಕನಿಗೆ ಹೇಳುತ್ತಿದ್ದರು. "ಕೈ ಬಿಡಿಸ್ಕೊಂಡ ಓಡಿದ್ಲಂದ್ರ ನಾ ಹೆಂಗ ಹಿಡೀಲಿ? ಏನರೆ ಆದ್ರ ಸೊಸಿಗಿ ಏನ ಹೇಳ್ಲಿ? ಅಂಜಿಕಿ ಬರ್ತೈತಿ. ಅದಕ್ಕ ದೂರ ಇರ್ತೇನಿ."

"ಬಾಗಲಾ ಹಾಕ್ಕೊಂಡ ಕುಂದ್ರರಿ, ಅತ್ತಿ. ಆಕಿ ಕೈಗೆ ಏನರೆ ಕೊಡ್ರಿ," ಎಂದಳು ಅಕ್ಕ.

ಅತ್ತೆ ಒಂದು ಬುಟ್ಟಿ ಜೋಳ ತಂದಿಟ್ಟರು. ಮಗಳು ಮೊಣಕೈವರೆಗೆ ಕೈ ಇಳಿಸಿ, ಮೊಗೆದು ಸುರಿದು, ಮತ್ತೆ ಮೊಗೆದಳು. ಅತ್ತೆ ಎದುರಿಗೆ ಕುಳಿತು ಚೆಲ್ಲಿದ ಕಾಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆ, ನಾನು ಇಬ್ಬರೂ ಅಂಜುತ್ತಲೇ ಇದ್ದೆವು, ಬೇರೆ ಬೇರೆ ಮೂಲೆಗಳಲ್ಲಿ.

ಅಂದಿನಿಂದ ಮಧ್ಯಾಹ್ನ ತುಸು ಹೊತ್ತು ಅವರು ಮೊಮ್ಮಗಳೊಂದಿಗೆ ಕೂಡತೊಡಗಿದರು. ಆ ಹೊತ್ತಿನಲ್ಲಿ ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಎಷ್ಟೋ ದಿನ ಕದದ ಹಿಂದೆ ನಿಂತು ಕಿವಿಗೊಡುತ್ತಿದ್ದೆ.

ಕೆಲವು ವರ್ಷಗಳ ಮೇಲೆ, ನಮ್ಮ ಮನೆಯಲ್ಲೂ ಫೋನು ಹಾಕಿಸಿದ್ದಾಗ, ಒಂದು ಮುಂಜಾನೆ ಅಕ್ಕ ಫೋನು ಮಾಡಿದಳು. "ಸಾಕಾಗೈತಿ, ತಂಗಿ," ಎಂದಷ್ಟೇ ಹೇಳಿದಳು. ಅವಳ ಅಂಥ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. "ಹೋಗಿ ಬಾ. ನಾ ಅದೇನಿ," ಎಂದರು.

ಮಗಳನ್ನು ಬಿಟ್ಟು ಊರು ದಾಟಿದ್ದು ಅದೇ ಮೊದಲು. ಇಳಿದು ಮರಳಿಬಿಡಲೇ ಎಂದು ಪ್ರತಿ ನಿಲ್ದಾಣದಲ್ಲೂ ಅನಿಸಿತು.

ಅಕ್ಕನ ಮಗ ಆಗ ನನ್ನೆತ್ತರಕ್ಕೆ ಬೆಳೆದಿದ್ದ. ಅವಳ ತೋಳು ಕಂದುಗಟ್ಟಿತ್ತು. "ಬೇಕಂತ ಹೊಡೆದಿಲ್ಲ ಅಂವಾ," ಎಂದಳು, ನಾನು ಕೇಳುವ ಮೊದಲೇ. ನಾನು ಕಡಲೆಹಿಟ್ಟಿನ ಝುಣಕ ಮಾಡಿ ಅವಳಿಗೆ ಬಡಿಸಿದೆ. ಅವನು ಅಂಗಳದಲ್ಲಿ ಗೋಡೆಯಿಂದ ಗೋಡೆಗೆ ತಿರುಗುತ್ತಿದ್ದ. ಅಕ್ಕ ಉಣ್ಣಲೆಂದು ನಾನೂ ಅವನ ಜೊತೆ ತಿರುಗತೊಡಗಿದೆ. ಮೊದಲು ದೂರ ಸರಿದ, ಆಮೇಲೆ ನನ್ನ ಸೆರಗಿನ ತುದಿ ಹಿಡಿದ. ಬಿಸಿಲು ಇಳಿಯುವವರೆಗೂ ಇಬ್ಬರೂ ಹಾಗೆಯೇ ನಡೆದೆವು. ಒಳಗೆ ಅಕ್ಕ ಎಂಜಲು ಕೈಯಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಅವಳು ತಾನಾಗಿ ಏಳುವವರೆಗೆ ನಾನು ಎಬ್ಬಿಸಲಿಲ್ಲ.