ಯಲವಿಗಿ ಲೂಪ್

ಯಲವಿಗಿ ಸ್ಟೇಶನ್ನಿನ ಉಳಿವೆಪ್ಪ ಹುಟ್ಟುತ್ತಲೇ ದಣಿದ ಮನುಷ್ಯ. ಹಾಗೆಂದು ಅವನ ಹೆಂಡತಿ ಶೇಖವ್ವ ಹೇಳುತ್ತಿದ್ದಳು. ಅವಳೇನು ಸುಳ್ಳು ಹೇಳುವ ಪೈಕಿಯಲ್ಲ. ರೇಲ್ವೆಯಲ್ಲಿ ಅವನದು ಪಾಯಿಂಟ್ಸ್‌ಮನ್ ಕೆಲಸ. ಗಾಡಿ ಬರುವ ಮೊದಲು ಓಡಿಹೋಗಿ ಹಳಿ ತಿರುವಬೇಕು, ಗಂಟೆ ಬಾರಿಸಬೇಕು, ಸಿಗ್ನಲ್ ಕಂಬ ಹತ್ತಿ ದೀಪಕ್ಕೆ ಎಣ್ಣೆ ಹಾಕಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಹನ್ನೆರಡು ತಾಸಿನ ಪಾಳಿ. ಅದನ್ನು ಮುಗಿಸಿ ಮನೆಗೆ ಬಂದರೆ ರೊಟ್ಟಿ ಮುರಿಯುವುದಕ್ಕೂ ಕೈ ಏಳುತ್ತಿರಲಿಲ್ಲ. “ಈ ಮನಿಶಾ ಯಮ ಬಂದ್ರೂ ‘ಸ್ವಲ್ಪ ತಡೀರಿ, ಕುಂತು ಬರ್ತೇನಿ’ ಅಂತಾನ ನೋಡ್ರಿ,” ಎಂದು ಶೇಖವ್ವ ಓಣಿಯವರ ಮುಂದೆ ಆಡಿಕೊಳ್ಳುತ್ತಿದ್ದಳು. ಉಳಿವೆಪ್ಪ ಅದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡುವುದೂ ಒಂದು ಕೆಲಸವೇ ಅಲ್ಲವೇ!

ಇಂಥವನಿಗೆ ಜಾಝ್ ಸಂಗೀತದ ಹುಚ್ಚು ಹಿಡಿಯಿತು ಎಂದರೆ ಯಾರು ನಂಬಬೇಕು? ಹಿಡಿಸಿದವನು ರೆಬೆಲೊ ಎಂಬ ಗೂಡ್ಸ್ ಗಾಡಿಯ ಗಾರ್ಡು. ಮೂಲ ಗೋವಾ, ಬೆಳೆದದ್ದು ಹುಬ್ಬಳ್ಳಿಯ ರೇಲ್ವೆ ಚಾಳಿನಲ್ಲಿ, ಸಂಜೆ ಹೊತ್ತು ಕುಣಿತದ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು. ಮೇಲ್ ಗಾಡಿ ಹಾಯ್ದುಹೋಗುವವರೆಗೆ ಅವನ ಗೂಡ್ಸನ್ನು ಯಲವಿಗಿಯ ಲೂಪ್ ಲೈನಿನಲ್ಲಿ, ಅಂದರೆ ಪಕ್ಕದ ಹಳಿಯ ಮೇಲೆ, ನಿಲ್ಲಿಸುತ್ತಿದ್ದರು. ಒಮ್ಮೊಮ್ಮೆ ಎರಡು ತಾಸು. ಆಗ ರೆಬೆಲೊ ತನ್ನ ಡಬ್ಬಿಯ ಬಾಗಿಲಲ್ಲಿ ಚಾವಿ ಕೊಡುವ ಗ್ರಾಮಾಫೋನ್ ಪೆಟ್ಟಿಗೆ ಇಟ್ಟುಕೊಂಡು ಪ್ಲೇಟು ಹಚ್ಚುತ್ತಿದ್ದ.

ಐವತ್ಮೂರನೆಯ ಇಸವಿಯ ಬೇಸಿಗೆಯಲ್ಲಿ ಉಳಿವೆಪ್ಪ ಮೊದಲ ಸಲ ಕೇಳಿದಾಗ, ಬಾವಿಕಟ್ಟೆಯಲ್ಲಿ ನಾಲ್ಕು ಮಂದಿ ಹೆಂಗಸರು ಒಮ್ಮೆಲೇ ಜಗಳಕ್ಕೆ ಬಿದ್ದಂತೆ ಅನ್ನಿಸಿತು. ಎದ್ದು ಹೋಗಬೇಕೆಂದುಕೊಂಡ. ಏಳಲು ಕಾಲು ಕೇಳಲಿಲ್ಲ, ಕೂತ. ಕೂತವನ ಕಿವಿಗೆ ಒಂದು ಸಂಗತಿ ಬಿತ್ತು. ತಾಳ ಮುಂದೆ ಮುಂದೆ ಹೋಗುತ್ತಿತ್ತು. ಟ್ರಂಪೆಟ್ಟು ಮಾತ್ರ ಹಿಂದೆ ಉಳಿದು, ತಡಮಾಡಿ, ಕಾಲೆಳೆದುಕೊಂಡು ಬರುತ್ತಿತ್ತು. ಈಗ ತಪ್ಪಿತು, ಈಗ ತಪ್ಪಿತು ಎನ್ನುವಷ್ಟರಲ್ಲಿ ಬಂದು ಸರಿಯಾಗಿ ಕೂಡಿಕೊಳ್ಳುತ್ತಿತ್ತು.

“ಯಾರ್ರೀ ಸಾಹೇಬ್ರ ಇಂವಾ? ನನಗಿಂತ ದಣದಾನಲ್ಲಾ!” ಎಂದ ಉಳಿವೆಪ್ಪ.

ರೆಬೆಲೊ ನಗಲಿಕ್ಕೆ ಹತ್ತಿದವನು ನಿಲ್ಲಿಸಲೇ ಇಲ್ಲ. “ಉಳಿವೆಪ್ಪಾ, ಹುಬ್ಬಳ್ಳಿಯೊಳಗ ಬೂಟು ಹಾಕ್ಕೊಂಡು ಕುಣಿಯೋ ಒಬ್ಬ ಮಗನಿಗೂ ಇದು ತಿಳದಿಲ್ಲ ನೋಡು,” ಎಂದ. ಅಂದಿನಿಂದ ಇಬ್ಬರದೂ ಗೆಳೆತನ.

ಆಮೇಲೆ ಇನ್ನಿಬ್ಬರು ಸೇರಿದರು. ಒಬ್ಬಳು ಸವಣೂರಿನ ಬಿಬಿಜಾನ. ವೀಳ್ಯದೆಲೆಯ ಪೆಂಡಿಗಳನ್ನು ಗಾಡಿಗೆ ಏರಿಸಲು ದಿನವೂ ಸ್ಟೇಶನ್ನಿಗೆ ಬರುವವಳು, ನಡುವಯಸ್ಸಿನ ಗಟ್ಟಿ ಹೆಂಗಸು. ಅವಳ ತವರಿನವರು ಮದುವೆ ಬ್ಯಾಂಡಿನವರು. “ಅಣ್ಣಾ, ಇದು ಕ್ಲಾರಿನೆಟ್ ಐತಿ. ನಮ್ಮ ಭಾಯಿ ಭೀ ಊದ್ತಾನ. ಆದ್ರ ಹಿಂಗ ಅತ್ತು ಮತ್ತ ನಗೂದು ಅವಂಗ ಬರಂಗಿಲ್ಲ,” ಎಂದು ಮೊದಲ ದಿನವೇ ತೀರ್ಪು ಕೊಟ್ಟಳು. ಇನ್ನೊಬ್ಬರು ಹಾನಗಲ್ಲಿನ ಭತ್ತದ ಅಡತಿ ಅಂಗಡಿಯ ಪರಮೇಶಪ್ಪನವರು. ವ್ಯಾಗನ್ನಿಗೆ ಅಕ್ಕಿ ಹೇರಿಸಲು ಬಂದವರು, ಮನೆಯಲ್ಲಿ ದೊಡ್ಡ ಕೊಂಬಿನ ಗ್ರಾಮಾಫೋನ್ ಇದೆ ಎಂಬ ಜಂಬಕ್ಕೆ ಕೂತರು. ಜಂಬ ಹೋಯಿತು, ಮನುಷ್ಯ ಉಳಿದರು.

ಐವತ್ತೆಂಟರಲ್ಲಿ ರೆಬೆಲೊ ಮಗಳಿದ್ದ ಲಂಡನ್ನಿಗೆ ಹೊರಟ. ಪೆಟ್ಟಿಗೆಯನ್ನೂ ಹದಿನೆಂಟು ಪ್ಲೇಟುಗಳನ್ನೂ ಉಳಿವೆಪ್ಪನ ಕೈಗಿತ್ತು, ಗಾಡಿ ಹತ್ತಿದ. ಅಂದಿನಿಂದ ಮೂವರೂ ಪ್ರತಿ ಅಮವಾಸ್ಯೆಯ ಮಧ್ಯಾಹ್ನ ಉಳಿವೆಪ್ಪನ ಕ್ವಾರ್ಟರ್ಸಿನಲ್ಲಿ ಸೇರುವ ಪದ್ಧತಿಯಾಯಿತು. ಅಮವಾಸ್ಯೆಗೆ ಒಕ್ಕಲಿಗರು ಎತ್ತು ಹೂಡುವುದಿಲ್ಲ, ಪೇಟೆ ಬಂದ್, ಪರಮೇಶಪ್ಪ ಸಾಹುಕಾರರಿಗೂ ಪುರಸೊತ್ತು, ಬಿಬಿಜಾನಳಿಗೂ ಪುರಸೊತ್ತು. ಉಳಿವೆಪ್ಪನಿಗೆ ಮಾತ್ರ ಇರಲಿಲ್ಲ. ರೇಲ್ವೆಗೆ ಯಾವ ಅಮವಾಸ್ಯೆ! ಎರಡು ಗಾಡಿಗಳ ನಡುವಿನ ಹೊತ್ತನ್ನು ಕದ್ದು ಬರುತ್ತಿದ್ದ.

ಕೂತ ಕೂಡಲೇ ಒಂದೇ ಪ್ರಶ್ನೆ. “ಈ ತಿಂಗಳ ಯಾವದು ಕೇಳಾಕತ್ತೀರಿ?”

ಇಂಗ್ಲಿಷ್ ಓದಲು ಮೂವರಿಗೂ ಬಾರದು. ಪ್ಲೇಟುಗಳಿಗೆ ತಾವೇ ಹೆಸರಿಟ್ಟಿದ್ದರು: ಹಸಿರು ಚೀಟಿ, ಅಂಚು ಮುಕ್ಕಾದದ್ದು, ಮುದುಕಿ ಕೆಮ್ಮು, ಎರಡೆತ್ತು. “ನಾ ಮನಿಗೆ ಒಯ್ದು ತಿಂಗಳೆಲ್ಲಾ ಮುದುಕಿ ಕೆಮ್ಮು ಕೇಳೇನಿ, ಅದರ ನಡೂಕ ಒಂದು ಉಸರು ಹಿಡಿಯೂದೈತಿ ನೋಡ್ರಿ, ಅಲ್ಲೇ ಜೀವಾ ಹೋಗತೈತಿ,” ಎಂದು ಪರಮೇಶಪ್ಪನವರು ಶುರುಮಾಡಿದರೆ ಅರ್ಧ ತಾಸು. ಬಿಬಿಜಾನಳ ಮನೆಯಲ್ಲಿ ಯಂತ್ರವಿಲ್ಲ. ಎಲೆ ಹೊಂದಿಸುವಾಗ ಬಾಯಲ್ಲೇ ಗುನುಗುತ್ತಿದ್ದಳು. ಅದೂ ಕೇಳಿದ್ದೆಂದೇ ಒಪ್ಪಿಕೊಂಡಿದ್ದರು. ಶೇಖವ್ವ ಚಹಾ ತಂದಿಟ್ಟು, “ಊರಿಗೊಂದು ದಾರಿ ಆದ್ರ ಯಡವಟ್ಟಗೊಂದು ದಾರಿ,” ಎಂದು ಒಳಗೆ ಹೋಗುತ್ತಿದ್ದಳು.

ಇವರದೇ ಕೆಲವು ಕಟ್ಟುಪಾಡುಗಳಿದ್ದವು. ಹಳೆಯ ಪ್ಲೇಟಿಗೆ ಜಾಲಿಮುಳ್ಳನ್ನೇ ಚೂಪು ಮಾಡಿ ಸೂಜಿಯಂತೆ ಹಾಕುವುದು. ಹೊಸ ಪ್ಲೇಟು ಬಂದರೆ ಅದಕ್ಕೆ ಮರ್ಯಾದೆಯಾಗಿ ಹೊಚ್ಚ ಹೊಸ ಉಕ್ಕಿನ ಸೂಜಿ. ಮತ್ತೆ, ಹೊಸದನ್ನು ಯಾರೂ ಒಬ್ಬರೇ ಕೇಳಬಾರದು.

ಅರವತ್ನಾಲ್ಕರ ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಲಂಡನ್ನಿನಿಂದ ಒಂದು ಪಾರ್ಸೆಲ್ ಬಂತು. ಒಳಗೆ ದೊಡ್ಡದೊಂದು ಪ್ಲೇಟು, ಜೊತೆಗೆ ಪತ್ರ. ಸ್ಟೇಶನ್ ಮಾಸ್ತರರು ಓದಿ ಕನ್ನಡದಲ್ಲಿ ಹೇಳಿದರು. ರೆಬೆಲೊ ಅಲ್ಲಿನ ಹಳೆಯ ಗೆಳೆಯರೊಡನೆ ಊದಿದ್ದನ್ನು ಯಾರೋ ಐವತ್ತೇ ಐವತ್ತು ಪ್ಲೇಟು ಮಾಡಿಕೊಟ್ಟಿದ್ದರು. ಎಲ್ಲವೂ ಹಂಚಿಹೋಗಿದ್ದವು. ತನ್ನ ಬಳಿ ಉಳಿದ ಕೊನೆಯದನ್ನು ಇಲ್ಲಿಗೆ ಕಳಿಸಿದ್ದ.

“ಕೇಳೋ ಇಲ್ಲೆ,” ಎಂದರು ಮಾಸ್ತರರು. “‘ಮೊದಲನೇ ಮಗ್ಗಲದ ಮೂರನೇ ಹಾಡಿಗೆ ಯಲವಿಗಿ ಲೂಪ್ ಅಂತ ಹೆಸರಿಟ್ಟೇನಿ. ಅದು ನಿಂದು, ಉಳಿವೆಪ್ಪಾ. ಇಲ್ಲೆ ಯಾರಿಗೂ ಅದು ಎಲ್ಲಿಯ ಊರು ಅಂತ ಗೊತ್ತಿಲ್ಲ. ನನ್ನ ಎದಿ ಕೆಟ್ಟೈತಿ, ಇನ್ನ ಊದಬ್ಯಾಡ ಅಂದಾರ ಡಾಕ್ಟರು. ಕೇಳಿ ಹೆಂಗಾತು ಅಂತ ಬರಿ. ನೀ ಹೇಳಿದ್ರ ಸಾಕು.’”

ಉಳಿವೆಪ್ಪನಿಗೆ ಏನು ಮಾಡಬೇಕೋ ತೋಚಲಿಲ್ಲ. ನಲವತ್ತೆಂಟು ವರ್ಷದ ಬಾಳಿನಲ್ಲಿ ಅವನಿಗೆಂದು ಯಾರೂ ಒಂದು ಅಂಗಿಯನ್ನೂ ಹೊಲಿಸಿದವರಲ್ಲ. ಈಗ ಒಂದು ಹಾಡೇ ಬಂದಿದೆ! ಅವತ್ತೇ ಹಚ್ಚಬಹುದಿತ್ತು. ಆದರೆ ಕಟ್ಟುಪಾಡು ಕಟ್ಟುಪಾಡೇ. ಪ್ಲೇಟಿನ ಲಕೋಟೆಗೆ ವಿಭೂತಿ ಹಚ್ಚಿ ಜಗಲಿಯ ಮೇಲೆ ದೇವರ ಪಕ್ಕದಲ್ಲಿಟ್ಟ. ಹದಿನೈದು ದಿನ ಸಿಗ್ನಲ್ ಕಂಬ ಹತ್ತುವಾಗ, ಇಳಿಯುವಾಗ ಮೊಣಕಾಲಿನ ನೋವು ನೆನಪಾಗಲಿಲ್ಲ ಎಂದರೆ ಅತಿಯಾಯಿತು. ನೆನಪಾಗುತ್ತಿತ್ತು, ಬಯ್ಯುತ್ತಿರಲಿಲ್ಲ ಅಷ್ಟೇ.

ಅಮವಾಸ್ಯೆ ಬಂತು. ಪರಮೇಶಪ್ಪನವರು ಹೊಸ ರುಮಾಲು ಸುತ್ತಿಕೊಂಡು ಬಂದರು, ಬಿಬಿಜಾನ ಮೆಲ್ಲಲು ಸವಣೂರಿನ ಖಾರ ಕಟ್ಟಿಕೊಂಡು ಬಂದಳು. ಪ್ಲೇಟನ್ನು ಮುಟ್ಟಿ ಮುಟ್ಟಿ ನೋಡಿದರು. ಹಗುರ, ಬಗ್ಗಿಸಿದರೆ ಬಗ್ಗುತ್ತದೆ, ಒಡೆಯುವುದಿಲ್ಲ. “ಪ್ಲಾಸ್ಟಿಕ್ಕು,” ಎಂದರು ಪರಮೇಶಪ್ಪನವರು, ತಾವೇ ಎರಕ ಹೊಯ್ದವರ ಹಾಗೆ. ಕಾಯಿ ಒಡೆದರು. ಡಬ್ಬಿಯಿಂದ ಹೊಸ ಉಕ್ಕಿನ ಸೂಜಿ ತೆಗೆದು ಸಿಕ್ಕಿಸಿದರು. ಉಳಿವೆಪ್ಪ ಗೆರೆ ಎಣಿಸಿ, ಮೂರನೆಯ ಹಾಡಿನ ಮೇಲೆ ಸೂಜಿ ಇಳಿಸಿದ.

ಅಯ್ಯೋ, ಅದೇನು ಸದ್ದು! ಪೆಟ್ಟಿಗೆ ತನ್ನ ಹಳೆಯ ರಭಸದಲ್ಲಿ ತಿರುಗಿತು, ಕೋಳಿಮರಿಗಳ ಬುಟ್ಟಿ ಕೆಳಗೆ ಬಿದ್ದಂತೆ ಚಿಂವ್ ಚಿಂವ್ ಎಂದಿತು, ನಿಮಿಷವಾಗುವಷ್ಟರಲ್ಲಿ ಮುಗಿದೂಹೋಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಲಂಡನ್ನಿನಾಗ ಈಗ ಹಿಂಗ ಊದ್ತಾರ,” ಎಂದರು ಪರಮೇಶಪ್ಪನವರು. “ಕಾಲ ಬದಲಾಗೈತಿ.”

“ಸಾಹೇಬ್ರಿಗೆ ಅಂಥಾ ಅವಸರ ಯಾತರದ್ರೀ?” ಎಂದ ಉಳಿವೆಪ್ಪ. “ಅವರು ಅವಸರದ ಮನಶ್ಯಾರಲ್ಲ.”

“ಮತ್ತೊಮ್ಮೆ ಹಚ್ಚರಿ ಅಣ್ಣಾ,” ಎಂದಳು ಬಿಬಿಜಾನ. ಎರಡನೆಯ ಸಲ ಹಚ್ಚಿದರು. ಮೂರನೆಯ ಸಲ ಅವಳು ಪ್ಲೇಟಿನ ಅಂಚಿಗೆ ಬೆರಳಿಟ್ಟು ತಡೆದಳು. ತಿರುಗುವುದು ನಿಧಾನವಾಯಿತು, ಒಂದೇ ಒಂದು ಉಸಿರಿನಷ್ಟು ಹೊತ್ತು ರೆಬೆಲೊನ ಟ್ರಂಪೆಟ್ಟು ದೂರದಿಂದ ಕೇಳಿದಂತಾಯಿತು, ಮತ್ತೆ ಹೊರಟುಹೋಯಿತು. ಐದು ಸಲವಾದರೂ ಹಚ್ಚಿದರು. ಸೂಜಿಯ ಸುತ್ತ ಕಪ್ಪು ನೂಲಿನಂಥದ್ದು ಕೂಡಿಕೊಳ್ಳುತ್ತಿತ್ತು. “ಹೊಸಾ ಪ್ಲೇಟು, ಹೊಲಸು ಬಿಡಾಕತ್ತೈತಿ, ಒರಸು,” ಎಂದರು ಪರಮೇಶಪ್ಪನವರು. ಉಳಿವೆಪ್ಪ ಹೆಗಲ ಮೇಲಿನ ವಸ್ತ್ರದಿಂದ ಪ್ರತಿ ಸಲವೂ ಚೆಂದಾಗಿ ಒರೆಸಿ ತೆಗೆದ. ಅಷ್ಟರಲ್ಲಿ ಗೂಡ್ಸಿನ ಹೊತ್ತಾಯಿತು. ಎರಡನೆಯ ಮಗ್ಗುಲನ್ನು ಮುಂದಿನ ಅಮವಾಸ್ಯೆಗೆ ಬಿಟ್ಟು ಎದ್ದ.

ಪರಮೇಶಪ್ಪನವರಿಗೆ ಸಮಾಧಾನವಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ವಿಚಾರಿಸಿ, ಕರೆಂಟಿನ ಮೇಲೆ ನಡೆಯುವ ಹೊಸ ಯಂತ್ರವನ್ನೇ ತಂದುಬಿಟ್ಟರು. ಉಳಿವೆಪ್ಪ ರಜೆ ಹಾಕಿ, ಪ್ಲೇಟನ್ನು ಕೌದಿಯಲ್ಲಿ ಸುತ್ತಿಕೊಂಡು, ಬಿಬಿಜಾನಳನ್ನು ಸವಣೂರಿನಲ್ಲಿ ಜೊತೆಗೂಡಿಸಿಕೊಂಡು ಹಾನಗಲ್ಲಿಗೆ ಬಂದ. ಬಸ್ಸಿನಲ್ಲಿ ಜಾಗ ಸಿಗಲಿಲ್ಲ, ನಿಂತೇ ಬಂದ.

ಸಾಹುಕಾರರ ಮುಖ ಬಾಡಿತ್ತು. “ಉಳಿವೆಪ್ಪಾ, ನಾವು ತಪ್ಪ ಮಾಡೇವೋ. ಈ ಪ್ಲೇಟು ನಿಧಾನ ತಿರಗೂದಂತ, ಅರ್ಧಕ್ಕಿಂತ ಕಡಿಮಿ. ಸೂಜೀನೂ ಕೂದಲದಷ್ಟ ಹಗರ ಇರಬೇಕಂತ. ನಮ್ಮ ಉಕ್ಕಿನ ಸೂಜಿ ಇದಕ್ಕ ನೇಗಿಲಾ ಹೊಡದಂಗ, ಅಂತ ಅಂಗಡಿಯಂವಾ ನಕ್ಕಾ.”

ಉಳಿವೆಪ್ಪ ಕೌದಿ ಬಿಚ್ಚಿ ಪ್ಲೇಟು ಕೊಟ್ಟ. ಹೊಸ ಯಂತ್ರದ ಮೇಲೆ ಮೂರನೆಯ ಹಾಡು ಬಂತು. ಬಾಣಲೆಯಲ್ಲಿ ಎಣ್ಣೆ ಕಾಯುವ ಸದ್ದು. ಅದರ ಹಿಂದೆ ಯಾರೋ ಗೋಡೆಯ ಆಚೆ ನಿಂತು ಊದುತ್ತಿದ್ದಾರೇನೋ ಎಂಬಂತೆ ಒಂದೆರಡು ಕಡೆ ಏನೋ ಅಂದದ್ದು, ಮತ್ತೆ ಎಣ್ಣೆ. ಕೊನೆಯವರೆಗೂ ಅಷ್ಟೇ. ಅವನು ಒರೆಸಿ ಒರೆಸಿ ಬಿಸಾಕಿದ ಕಪ್ಪು ನೂಲೇ ಹಾಡಾಗಿತ್ತು.

“ಇನ್ನೊಂದು ಮಗ್ಗಲಾ ನಾವು ಮುಟ್ಟಿಲ್ಲಲ್ಲ,” ಎಂದಳು ಬಿಬಿಜಾನ ಮೆಲ್ಲಗೆ.

ತಿರುವಿ ಹಾಕಿದರು. ದೇವರೇ! ಕೋಣೆಯ ತುಂಬ ರೆಬೆಲೊ ಬಂದು ನಿಂತ. ಅದೇ ಹಿಂದೆ ಉಳಿಯುವುದು, ಅದೇ ಕಾಲೆಳೆಯುವುದು, ಈಗ ತಪ್ಪಿತು ಎನ್ನುವಾಗ ಬಂದು ಕೂಡುವುದು. ಊದುವ ಮೊದಲು ಎಳೆದುಕೊಂಡ ಉಸಿರು ಕೂಡ ಕೇಳುತ್ತಿತ್ತು, ಎದೆ ಕೆಟ್ಟವನ ಉಸಿರು. ಇಪ್ಪತ್ತು ನಿಮಿಷ ಯಾರೂ ಅಲುಗಾಡಲಿಲ್ಲ. ಮುಗಿದ ಮೇಲೆ ಉಳಿವೆಪ್ಪ ಗೋಡೆಗೆ ಒರಗಿ ಕೂತು, ಇದ್ದಕ್ಕಿದ್ದಂತೆ ಹುಡುಗರ ಹಾಗೆ ಅತ್ತುಬಿಟ್ಟ.

“ಇದ ಇಷ್ಟ ಚಂದ ಐತಿ,” ಎಂದ. “ನಂದು ಹೆಂಗಿತ್ತೋ, ಅಕ್ಕಾ.”

ಬಿಬಿಜಾನ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪರಮೇಶಪ್ಪನವರು ಪ್ಲೇಟು ಎತ್ತಿಡಲು ಎದ್ದು, ಎತ್ತಿಡದೆ ಮತ್ತೆ ಕೂತರು.

ಪತ್ರಕ್ಕೆ ಉತ್ತರ ಕೊಡಬೇಕಲ್ಲ. ಉಳಿವೆಪ್ಪ ತಿಂಗಳು ದೂಡಿದ. ನಿಜ ಬರೆಯೋಣವೆಂದರೆ, ಊದುವುದನ್ನು ಬಿಟ್ಟ ಮುದುಕ, ಕೊನೆಯ ಪ್ಲೇಟು. ಬಿಬಿಜಾನ ಎಲೆಪೆಂಡಿಯ ಮೇಲೆ ಕೂತು ಕಡ್ಡಿ ಮುರಿದಂತೆ ಹೇಳಿದಳು: “ಸುಳ್ಳ ಬರೀರಿ ಅಣ್ಣಾ. ಪಾಪ ಬಂದ್ರ ನನಗ ಅರ್ಧ ಕೊಡ್ರಿ.” ಕೊನೆಗೊಂದು ಮಧ್ಯಾಹ್ನ ಮಾಸ್ತರರ ಮೇಜಿನ ಮುಂದೆ ನಿಂತು ಉಳಿವೆಪ್ಪ ಹೇಳಿ ಬರೆಸಿದ. ಕೇಳದ ಹಾಡನ್ನು ಹೇಗೆ ಹೇಳುವುದು? ಲೂಪ್ ಲೈನನ್ನೇ ಹೇಳಿದ. ಮೊದಲು ಗೂಡ್ಸು ನಿಧಾನಕ್ಕೆ ಬಂದು ಉಸ್ಸೆಂದು ನಿಲ್ಲುತ್ತದೆ. ಬಿಸಿಲು ಹಳಿಯ ಮೇಲೆ ಕೂತಿರುತ್ತದೆ. ಏನೂ ಆಗುವುದಿಲ್ಲ, ಭಾಳ ಹೊತ್ತು ಏನೂ ಆಗುವುದಿಲ್ಲ, ಅಲ್ಲಿ ನೀವು ಊದುವುದನ್ನು ಬಿಟ್ಟು ಸುಮ್ಮನಿದ್ದೀರಿ. ಆಮೇಲೆ ಗಂಟೆ. ಮೇಲ್ ಹಾಯ್ದುಹೋಗುತ್ತದೆ, ಎಲ್ಲ ವಾದ್ಯಗಳೂ ಅದರ ಹಿಂದೆ ಓಡುತ್ತವೆ, ನೀವೊಬ್ಬರೇ ಓಡುವುದಿಲ್ಲ. ಅಷ್ಟು ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಹೇಳಿ ಮುಗಿಸಿದಾಗ ಕಂಬ ಹತ್ತಿ ಇಳಿದಷ್ಟು ಸುಸ್ತಾಗಿತ್ತು.

ಎರಡು ತಿಂಗಳಿಗೆ ಉತ್ತರ ಬಂತು. ಗೂಡ್ಸಿನ ಹೊತ್ತು, ಬಿಬಿಜಾನ ಪೆಂಡಿ ಕಟ್ಟಿಸುತ್ತಿದ್ದಳು. ಮಾಸ್ತರರು ಪ್ಲಾಟ್‌ಫಾರ್ಮಿನ ಮೇಲೆಯೇ ಒಡೆದು ಓದಿದರು.

“‘ಉಳಿವೆಪ್ಪಾ, ನಿನ್ನ ಪತ್ರ ಮಗಳ ಕಡಿಂದ ನಾಕು ಸಲ ಓದಿಸೇನಿ. ನಾ ಊದಿದ್ದು ಹಂಗ ಐತಿ, ಒಂದೂ ಬಿಡದ ಹೇಳೀದಿ. ಇಷ್ಟು ವರ್ಷ ಊದೇನಿ, ನಿನ್ನಂಗ ಯಾರೂ ಕೇಳಲಿಲ್ಲ.’”

ಉಳಿವೆಪ್ಪ ನೆಲ ನೋಡುತ್ತ ನಿಂತಿದ್ದ. ಬಿಬಿಜಾನಳ ಮುಖ ಅರಳಿತು. ಮಾಸ್ತರರು ಹಾಳೆ ತಿರುವಿದರು.

“‘ಆದ್ರ ಒಂದು ಮಾತು. ಕಟ್ಟಕಡೀಕ ಟ್ರಂಪೆಟ್ ಕೆಳಗಿಟ್ಟು, ಹಳೇ ಕಾಲದಾಗ ನನ್ನ ಡಬ್ಬಿಯಿಂದ ಕರೀತಿದ್ದಂಗ, ಬಾಯಿಲೇ ನಿನ್ನ ಹೆಸರು ಹಿಡಿದು ಕೂಗೇನಿ. ಅದರದೇನೂ ಬರೀಲಿಲ್ಲಲ್ಲ ನೀ? ಯಾಕ, ನಾಚಿಕಿ ಬಂತೇನು?’” ಮಾಸ್ತರರು ಕನ್ನಡಕದ ಮೇಲಿಂದ ನೋಡಿ ನಕ್ಕರು. “ಏನೋ ಉಳಿವೆಪ್ಪಾ, ಪ್ಲೇಟಿನಾಗ ನಿನ್ನ ಹೆಸರು ಐತಂತ, ಹೇಳಲೇ ಇಲ್ಲಲ್ಲೋ! ಏನಂತ ಬರೀಲಿ?”

ಬಿಬಿಜಾನಳ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ಗೂಡ್ಸು ದೂರದಲ್ಲಿ ಕೂಗಿತು. ಉಳಿವೆಪ್ಪ ಬಾವುಟ ಕಂಕುಳಿಗೆ ಸೇರಿಸಿ, ಹಳಿ ತಿರುವಲು ಹೊರಟವನು, ಹಿಂತಿರುಗಿ ನೋಡದೆಯೇ ಹೇಳಿದ:

“ಹೌದ್ರಿ, ನಾಚಿಕಿ ಬಂತು ಅಂತ ಬರೀರಿ.”